ಬರೆದದ್ದು, ಬಿಟ್ಟದ್ದು

ಊಟ ಮತ್ತು ಗೋಡೆ

ಫ್ರಾನ್ಸಿನ ಲಾಸ್ಕೋ ಗುಹೆ ಹೊರಗಿನ ಜಗತ್ತಿಗೆ ಗೊತ್ತಾದದ್ದು 1940ರಲ್ಲಿ. ಚಿತ್ರಗಳಿಗೆ ಸುಮಾರು 17,000 ವರ್ಷ. ಆ ಜನ ತಿಂದು ಬಿಸಾಕಿದ ಮೂಳೆಗಳಲ್ಲಿ ಹತ್ತಕ್ಕೆ ಒಂಬತ್ತು ಹಿಮಸಾರಂಗದವು. ಗೋಡೆಯ ಮೇಲೆ ನೂರಾರು ಪ್ರಾಣಿಗಳಿವೆ, ಅವುಗಳಲ್ಲಿ ಹಿಮಸಾರಂಗ ಒಂದೇ ಒಂದು. ಎಲ್ಲಕ್ಕಿಂತ ಹೆಚ್ಚು ಬರೆದದ್ದು ಕುದುರೆಯನ್ನು. ಹೊಟ್ಟೆಗೆ ಒಂದು ಪ್ರಾಣಿ, ಗೋಡೆಗೆ ಇನ್ನೊಂದು.

ಇದನ್ನು ಓದಿದ ಮೇಲೆ ಶಾಲೆಯಲ್ಲಿ ಕಲಿತ ಉತ್ತರ ನನ್ನ ಕೈಯಲ್ಲಿ ನಿಲ್ಲುತ್ತಿಲ್ಲ. ಬೇಟೆ ಚೆನ್ನಾಗಿ ಸಿಗಲಿ ಎಂದು ಆದಿಮಾನವ ಪ್ರಾಣಿಗಳ ಚಿತ್ರ ಬರೆದು ಮಾಟ ಮಾಡುತ್ತಿದ್ದ ಎಂದು ನಮಗೆ ಹೇಳಿಕೊಟ್ಟಿದ್ದರು. ಫ್ರಾನ್ಸಿನ ಪಾದ್ರಿ, ವಿದ್ವಾಂಸ ಆನ್ರಿ ಬ್ರೂಯಿ ಆ ವಿಚಾರವನ್ನು ಬಹಳ ಬೆಳೆಸಿದರು. ಬೇಟೆಗಾಗಿಯೇ ಬರೆದಿದ್ದರೆ ದಿನವೂ ಬೇಕಾಗಿದ್ದ ಹಿಮಸಾರಂಗ ಗೋಡೆ ತುಂಬ ಇರಬೇಕಿತ್ತಲ್ಲ?

ಇದೇ ಪ್ರಶ್ನೆಯನ್ನು ನಮ್ಮ ಸೀಮೆಯ ಕಲ್ಲುಗಳಿಗೆ ಕೇಳಿ ನೋಡಬೇಕು ಅನ್ನಿಸಿತು. ಉತ್ತರ ಸಿಕ್ಕೀತು ಎಂಬ ಭರವಸೆಯಿಂದಲ್ಲ. ಹುಬ್ಬಳ್ಳಿಯಲ್ಲಿ ಕೂತವನಿಗೆ ಬಾದಾಮಿ ಒಂದು ಕಡೆ, ಬಳ್ಳಾರಿ ಒಂದು ಕಡೆ, ನಡುವೆ ಹಿರೇಬೆಣಕಲ್ಲು. ಇಷ್ಟು ಹತ್ತಿರ ಇದ್ದೂ ಲಾಸ್ಕೋದ ಬಗ್ಗೆಯೇ ಹೆಚ್ಚು ಓದಿಕೊಂಡಿದ್ದೇವೆ.

ಕರಿಕಲ್ಲಿನ ದನಗಳು

ಹುಬ್ಬಳ್ಳಿಯಿಂದ ಗದಗ, ಕೊಪ್ಪಳ, ಹೊಸಪೇಟೆ ದಾಟಿ ರೈಲು ಬಳ್ಳಾರಿ ಮುಟ್ಟುತ್ತದೆ. ಊರ ಹೊರಗೆ ಸಂಗನಕಲ್ಲು. ಅದರ ನೆರೆಯ ಕಪ್ಪಗಲ್ಲನ್ನು ಪುರಾತತ್ವದ ಪುಸ್ತಕಗಳು ಕುಪ್ಗಲ್ ಎಂದು ಬರೆಯುತ್ತವೆ. ಅಲ್ಲಿನ ಹಿರೇಗುಡ್ಡ ಗ್ರಾನೈಟಿನದು. ಆ ಬೂದು ಬಂಡೆಗಳ ನಡುವೆ ಡಾಲರೈಟ್ ಎಂಬ ಕಪ್ಪು ಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಭೂಮಿಯ ಒಳಗಿಂದ ಕರಗಿದ ಕಲ್ಲು ಬಿರುಕಿಗೆ ನುಗ್ಗಿ ಹೆಪ್ಪುಗಟ್ಟಿ ಆದದ್ದು. ಚಿತ್ರಗಳಿರುವುದು ಆ ಕರಿಕಲ್ಲಿನ ಮೇಲೆ.

ಬಣ್ಣ ಇಲ್ಲ. ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೇಲಿನ ಕಪ್ಪು ಪದರ ಎಬ್ಬಿಸಿ ಒಳಗಿನ ತಿಳಿ ಬಣ್ಣ ಕಾಣುವ ಹಾಗೆ ಮಾಡಿದ ಚಿತ್ರಗಳು ಇವು. ಕಾಲ ಕಳೆದಂತೆ ಕುಟ್ಟಿದ ಜಾಗವೂ ಕಪ್ಪಾಗುತ್ತ ಬರುತ್ತದೆ. ತೀರಾ ಹಳೆಯವು ಕಲ್ಲಿನ ಬಣ್ಣದಲ್ಲೇ ಮುಳುಗಿವೆ, ಈಚಿನವು ಎದ್ದು ಕಾಣುತ್ತವೆ. ಮಧ್ಯಾಹ್ನದ ನೆತ್ತಿಯ ಬಿಸಿಲಲ್ಲಿ ಏನೂ ಕಾಣದ ಬಂಡೆ ಹೊತ್ತು ಇಳಿದ ಮೇಲೆ ಓರೆ ಬೆಳಕಿಗೆ ದನಗಳನ್ನು ತೋರಿಸುತ್ತದೆ.

ಹೆಚ್ಚಿನವು ದನಗಳೇ. ಉದ್ದ ಕೋಡು, ಎದ್ದು ನಿಂತ ಡುಬ್ಬ, ಕಡ್ಡಿಯಂಥ ಕಾಲು. ಮೈ ಪಕ್ಕದಿಂದ ಕಂಡ ಹಾಗಿದೆ, ಕೋಡುಗಳು ಮಾತ್ರ ಎದುರಿನಿಂದ ಕಂಡ ಹಾಗೆ ಎರಡೂ ಬಿಚ್ಚಿಕೊಂಡಿವೆ. ಮನುಷ್ಯರೂ ಇದ್ದಾರೆ. ಒಬ್ಬೊಬ್ಬರಾಗಿ, ಕೆಲವೆಡೆ ಒಬ್ಬರ ಹಿಂದೆ ಒಬ್ಬರು ಸಾಲಾಗಿ. ಎಫ್. ಫಾಸೆಟ್ 1892ರಲ್ಲಿ ಇವುಗಳ ಬಗ್ಗೆ ಬರೆದರು. ರಾಬರ್ಟ್ ಬ್ರೂಸ್ ಫೂಟ್ ಈ ಗುಡ್ಡಗಳನ್ನೆಲ್ಲ ಸುತ್ತಿದ್ದವರು. ಭಾರತದ ಮೊದಲ ಹಳೆ ಶಿಲಾಯುಗದ ಕೈಕೊಡಲಿಯನ್ನು 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಗುರುತಿಸಿದ ಭೂವಿಜ್ಞಾನಿ ಅವರೇ. 1880ರ ದಶಕದಲ್ಲಿ ದಕ್ಷಿಣ ಭಾರತದ ಚಿನ್ನ ಹೊತ್ತ ಕಲ್ಲಿನ ಸರಣಿಗೆ ‘ಧಾರವಾಡ’ ಎಂದು ಹೆಸರಿಟ್ಟವರೂ ಅವರೇ. ನಮ್ಮ ಊರಿನ ಹೆಸರನ್ನು ಜಗತ್ತಿನ ಭೂವಿಜ್ಞಾನಿಗಳ ಬಾಯಿಗೆ ಕೊಟ್ಟವರು ಬಳ್ಳಾರಿಯ ಬಂಡೆಗಳ ನಡುವೆಯೂ ಓಡಾಡಿದ್ದರು ಎಂಬುದು ನನಗೆ ಸಂತೋಷದ ವಿಷಯ.

ಇಲ್ಲಿನ ಜನ ಏನು ತಿನ್ನುತ್ತಿದ್ದರು ಎಂಬುದೂ ಗೊತ್ತಿದೆ. ಡೋರಿಯನ್ ಫುಲ್ಲರ್ ಮತ್ತು ಜೊತೆಗಾರರು ಅಗೆದ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೋಸಿ ಗುರುತಿಸಿದ್ದಾರೆ. ಹುರಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷದ ಹಿಂದಿನ ಹುರಳಿ! ಬಿತ್ತಿದ್ದು, ಕೊಯ್ದದ್ದು, ಬೀಸಿದ್ದು ಇದೇ ಗುಡ್ಡದ ಆಸುಪಾಸಿನಲ್ಲಿ. ಕಾಳು ಅರೆದ ತಗ್ಗುಗಳು ಬಂಡೆಗಳಲ್ಲಿ ಈಗಲೂ ಇವೆ. ಚಿತ್ರಗಳಲ್ಲಿ ಮಾತ್ರ ತೆನೆಯೊಂದನ್ನು, ಬಳ್ಳಿಯೊಂದನ್ನು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ. ಮನೆಯೂ ಇಲ್ಲ, ಮಡಕೆಯೂ ಇಲ್ಲ. ಬಿತ್ತುವವರು ಬೆಳೆಯನ್ನು ಯಾಕೆ ಬರೆಯಲಿಲ್ಲ?

ದನದ ಲೆಕ್ಕ ಲಾಸ್ಕೋದ ಹಿಮಸಾರಂಗಕ್ಕೆ ತದ್ವಿರುದ್ಧ. ಇವರು ದನ ಸಾಕಿದರು, ಅದರ ಮಾಂಸವನ್ನೂ ತಿಂದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ಅಗೆದಾಗ ದನ ಕೊಯ್ದು ಹಂಚುತ್ತಿದ್ದ ನೆಲವೇ ಸಿಕ್ಕಿತು. ಅದೇ ದನವನ್ನು ಬಂಡೆಯ ಮೇಲೂ ಬರೆದರು. ಕೊಟ್ಟಿಗೆಯ ಪ್ರಾಣಿಯನ್ನು ಬೇಟೆಗಾಗಿ ಮಾಟ ಮಾಡಿ ಹಿಡಿಯಬೇಕಿಲ್ಲ.

‘ಆದಿಮಾನವ’

ಈ ಪದ ಬಳಸಿದಾಗಲೆಲ್ಲ ಕಾಲ ಚಪ್ಪಟೆಯಾಗುತ್ತದೆ. ಇಂಡೋನೇಷ್ಯಾದ ಸುಲಾವೆಸಿ ದ್ವೀಪದ ಲಿಯಾಂಗ್ ಕರಂಪುವಾಂಗ್ ಗುಹೆಯಲ್ಲಿ ಒಂದು ಹಂದಿ, ಅದರ ಸುತ್ತ ಮೂರು ಮನುಷ್ಯರಂಥ ಆಕೃತಿಗಳಿವೆ. ಅದಕ್ಕೆ ಕನಿಷ್ಠ 51,200 ವರ್ಷ ಎಂದು 2024ರಲ್ಲಿ ಪ್ರಕಟವಾಯಿತು. ಕಪ್ಪಗಲ್ಲಿನ ಹಳೆಯ ದನಗಳಿಗೆ ಹೆಚ್ಚೆಂದರೆ ಐದು ಸಾವಿರ ವರ್ಷ. ಆ ಹಂದಿಯಿಂದ ಈ ದನದವರೆಗಿನ ಕಾಲ, ಈ ದನದಿಂದ ನಮ್ಮವರೆಗಿನ ಕಾಲದ ಒಂಬತ್ತು ಪಟ್ಟು. ಎರಡನ್ನೂ ಬರೆದವರನ್ನು ಒಂದೇ ಹೆಸರಿನಿಂದ ಕರೆದು, ಸೊಪ್ಪು ಉಡಿಸಿ, ಪಾಠದ ಪುಸ್ತಕದ ಒಂದೇ ಪುಟದಲ್ಲಿ ನಿಲ್ಲಿಸುತ್ತೇವೆ.

ಸಂಗನಕಲ್ಲಿನವರು ಮಡಕೆ ಮಾಡುತ್ತಿದ್ದರು, ದ್ವಿದಳ ಧಾನ್ಯ ಬೆಳೆಯುತ್ತಿದ್ದರು. ಆ ಕರಿಕಲ್ಲಿನಿಂದಲೇ ಕೊಡಲಿ ಮಾಡುವ ದೊಡ್ಡ ಕಾರ್ಖಾನೆ ನಡೆಸುತ್ತಿದ್ದರು. ಸಿಂಧೂ ಬಯಲಿನ ನಗರಗಳು ಎದ್ದು ನಿಂತಿದ್ದ ಕಾಲಕ್ಕೆ ಇವರು ಇಲ್ಲಿದ್ದರು. ನನಗೆ ಅವರು ಅಜ್ಜನ ಅಜ್ಜನ ಊರಿನವರಷ್ಟು ಹತ್ತಿರ ಕಾಣುತ್ತಾರೆ.

ಒಂದೇ ಜಾಗದಲ್ಲೂ ಕಾಲ ಪದರ ಪದರ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲಿ ಕಬ್ಬಿಣಯುಗದ ಸುಮಾರು 400 ಕಲ್ಮನೆಗಳು, ಗೋರಿಗಳು ಗುಡ್ಡದ ಮೇಲೆ ನಿಂತಿವೆ. ಜನ ಅದಕ್ಕೆ ಮೋರ್ಯರ ಗುಡ್ಡ ಎನ್ನುತ್ತಾರೆ. ಐಹೊಳೆಯ ಮೇಗುತಿ ಗುಡ್ಡದ ಮೇಲಿರುವ ಇಂಥವೇ ಕಲ್ಲುಗಳಿಗೆ ಮೊರೇರ ಅಂಗಡಿ ಎನ್ನುತ್ತಾರೆ. ಹಿರೇಬೆಣಕಲ್ಲಿನ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆ, ನವಿಲು, ಎತ್ತು, ಕುಣಿಯುವ ಜನ, ಆಯುಧ ಹಿಡಿದವರು, ಕುದುರೆ ಏರಿದವರು. ಕುದುರೆ ಸವಾರ ಬಂದ ಕೂಡಲೇ ನಾವು ಬೇರೆ ಕಾಲಕ್ಕೆ ದಾಟಿರುತ್ತೇವೆ. ದನ ಬರೆದವರ ಮೊಮ್ಮಕ್ಕಳ ಮೊಮ್ಮಕ್ಕಳು ಅದೇ ಬಂಡೆಯ ಮೇಲೆ ಕುದುರೆ ಬರೆದರೋ, ಬೇರೆಯವರು ಬಂದು ಬರೆದರೋ? ಹಳೆಯದರ ಪಕ್ಕದಲ್ಲೇ ಜಾಗ ಹಿಡಿದರು. ಅಳಿಸಲಿಲ್ಲ.

ನಂಬದವರು

ಸ್ಪೇನಿನ ಆಲ್ತಮಿರಾ ಗುಹೆಯಲ್ಲಿ 1879ರಲ್ಲಿ ಸೌತುವೊಲಾ ಎಂಬವರು ನೆಲ ಅಗೆಯುತ್ತಿದ್ದಾಗ ಅವರ ಪುಟ್ಟ ಮಗಳು ಮರಿಯಾ ಕತ್ತೆತ್ತಿ ನೋಡಿ, ‘ಅಪ್ಪಾ, ಎತ್ತುಗಳು!’ ಎಂದಳಂತೆ. ಅವು ಮಾಡಿನ ಮೇಲೆ ಬರೆದ ಬೈಸನ್ ಎಂಬ ಕಾಡುದನಗಳು. ದೊಡ್ಡ ವಿದ್ವಾಂಸರು ನಂಬಲಿಲ್ಲ, ಮೋಸ ಎಂದರು. ಅವರಲ್ಲಿ ಒಬ್ಬರಾದ ಎಮಿಲ್ ಕಾರ್ತಾಯಾಕ್ ತಮ್ಮದೇ ತಪ್ಪು ಎಂದು ಬಹಿರಂಗವಾಗಿ ಬರೆದದ್ದು 1902ರಲ್ಲಿ. ಅಷ್ಟರಲ್ಲಿ ಸೌತುವೊಲಾ ಸತ್ತುಹೋಗಿದ್ದರು.

ಆಲ್ತಮಿರಾಕ್ಕಿಂತ ಹತ್ತು ವರ್ಷಕ್ಕೂ ಮೊದಲು, 1867-68ರಲ್ಲಿ, ಮಿರ್ಜಾಪುರದ ಬೆಟ್ಟಗಳಲ್ಲಿ ಆರ್ಚಿಬಾಲ್ಡ್ ಕಾರ್ಲೈಲ್ ಬಂಡೆ ಚಿತ್ರಗಳನ್ನು ಕಂಡು, ಅವು ಬಹಳ ಪ್ರಾಚೀನ ಎಂದು ಸರಿಯಾಗಿಯೇ ಊಹಿಸಿದ್ದರು. ಅವರು ಅದನ್ನು ಪ್ರಕಟಿಸಲೇ ಇಲ್ಲ. ಟಿಪ್ಪಣಿಗಳು ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1906ರಲ್ಲಿ. ನಮ್ಮ ನೆಲದ ಚಿತ್ರಗಳನ್ನು ಮೊದಲು ಕಂಡೂ ಜಗತ್ತಿಗೆ ತಡವಾಗಿ ಹೇಳಿದೆವು. ಭೀಮ್‌ಬೇಟ್ಕಾದ ಬಂಡೆ ಚಿತ್ರಗಳನ್ನು ವಿ.ಎಸ್. ವಾಕಣ್‌ಕರ್ ಗುರುತಿಸುವ ಹೊತ್ತಿಗೆ 1957 ಬಂದಿತ್ತು.

ಸಿಡ್ಲಫಡಿ

ಬಾದಾಮಿಯ ದಾರಿ: ನವಲಗುಂದ, ನರಗುಂದ, ಕುಳಗೇರಿ ಕ್ರಾಸ್. ಅಲ್ಲಿಯವರೆಗೆ ಕಣ್ಣು ಹಾಯುವಷ್ಟು ಎರೆ ಹೊಲ, ಬರೆಯಲು ಬಂಡೆ ಸಿಗುವುದೇ ಅಪರೂಪವಾದ ಸೀಮೆ. ಆಮೇಲೆ ನೆಲ ಕೆಂಪಾಗುತ್ತದೆ, ಮರಳುಗಲ್ಲಿನ ಗುಡ್ಡಗಳು ಏಳುತ್ತವೆ.

ಬಾದಾಮಿಗೆ ಬಂದವರೆಲ್ಲ ಮೂರನೆಯ ಗುಹೆಗೆ ಹೋಗುತ್ತಾರೆ. ಹೋಗಲೇಬೇಕು. ಕ್ರಿ.ಶ. 578ರ ಮಂಗಳೇಶನ ಶಾಸನ ಅಲ್ಲಿದೆ, ಸೂರಿನ ಬಾಗಿನಲ್ಲಿ ಚಾಲುಕ್ಯರ ಬಣ್ಣದ ಚಿತ್ರಗಳ ಅವಶೇಷ ಇದೆ. ಅಲ್ಲಿಂದ ನಾಲ್ಕು ಕಿಲೋಮೀಟರಿನಷ್ಟು ದೂರದಲ್ಲಿ, ಕುರುಚಲು ಕಾಡಿನ ನಡುವೆ ಸಿಡ್ಲಫಡಿ ಇದೆ. ಎರಡು ದೊಡ್ಡ ಬಂಡೆಗಳ ನಡುವೆ ನೈಸರ್ಗಿಕ ಕಮಾನು, ಮಾಡಿನಲ್ಲಿ ದೊಡ್ಡ ತೂತುಗಳು. ಸಿಡಿಲು ಬಡಿದು ಆದ ತೂತುಗಳು ಎಂದು ಜನ ಹೇಳುತ್ತಾರೆ. ಒಳಗೆ ಕೆಂಪು ಬಣ್ಣದ ಮನುಷ್ಯರು, ಪ್ರಾಣಿಗಳು. ಬಹುಪಾಲು ಮಾಸಿವೆ. ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ಕಲೆಯೋ ಚಿತ್ರವೋ ಎಂದು ಅನುಮಾನಿಸುತ್ತ ನಿಂತಾಗ ಒಂದು ಬೆನ್ನಿನ ಗೆರೆ ತಟ್ಟನೆ ಹಿಡಿತಕ್ಕೆ ಸಿಗುತ್ತದೆ, ಆಮೇಲೆ ಅದು ಬಿಡುವುದಿಲ್ಲ. ಇಲ್ಲಿ ಸಣ್ಣ ಕಲ್ಲಿನ ಅಲಗುಗಳೂ ಸಿಕ್ಕಿವೆ. ಬೇಟೆಯಾಡಿ, ಗೆಡ್ಡೆ ಹಣ್ಣು ಆಯ್ದು ಬದುಕಿದವರ ತಂಗುದಾಣ ಇದು.

ಬಾದಾಮಿ ಸುತ್ತಲಿನ ಅರೆಗುಡ್ಡ, ಹಿರೇಗುಡ್ಡ, ತಟಕೋಟಿ ಮುಂತಾದ ಕಡೆಗಳಲ್ಲೂ ಇಂಥ ಚಿತ್ರಗಳಿವೆ. ಇವುಗಳನ್ನು ಬೆಳಕಿಗೆ ತಂದವರಲ್ಲಿ ಮುಖ್ಯರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅ. ಸುಂದರ. ಕಲ್ಗೋರಿಗಳ ಬಗ್ಗೆ ಅವರು ಬರೆದ ಗ್ರಂಥ 1975ರದು. ಅದೇ ವಿಶ್ವವಿದ್ಯಾಲಯದ ಎಂ.ಎಸ್. ನಾಗರಾಜ ರಾವ್ ಹಾವೇರಿ ಜಿಲ್ಲೆಯ ಹಳ್ಳೂರನ್ನೂ ಬಳ್ಳಾರಿ ಸೀಮೆಯ ತೆಕ್ಕಲಕೋಟೆಯನ್ನೂ ಅಗೆದರು. ರವಿ ಕೋರಿಶೆಟ್ಟರ್ ಸಂಗನಕಲ್ಲಿನಲ್ಲಿ ವರ್ಷಗಟ್ಟಲೆ ದುಡಿದರು. ನಮ್ಮ ಅವಳಿ ನಗರ ಸಾಹಿತ್ಯ, ಸಂಗೀತದ ಹೆಸರು ಹೇಳಿ ಹೆಮ್ಮೆಪಡುತ್ತದೆ. ಆ ಪಟ್ಟಿಯಲ್ಲಿ ಮಣ್ಣು ಅಗೆದ ಈ ಮೇಷ್ಟ್ರುಗಳ ಹೆಸರು ನಾನು ಕೇಳಿದ್ದು ಕಡಿಮೆ, ಕೇಳಬೇಕಾಗಿತ್ತು.

ವಯಸ್ಸು ಹೇಳದ ಬಣ್ಣ

ಕೆಂಪು ಎಂದರೆ ಕಬ್ಬಿಣದ ಅದಿರು, ಕೆಮ್ಮಣ್ಣು. ನಮ್ಮ ಕಡೆ ಗೋಡೆಗೆ ಬಳಿಯುತ್ತಿದ್ದ ಹುರಮಂಜ. ಅರೆದು ನೀರಿಗೋ ಜಿಡ್ಡಿಗೋ ಕಲಸಿದರೆ ಕಲ್ಲಿನ ರಂಧ್ರಕ್ಕೆ ಇಳಿದು ಕೂರುತ್ತದೆ. ಸಾವಿರಾರು ವರ್ಷ ಉಳಿಯುವುದಕ್ಕೂ, ವಯಸ್ಸು ಹೇಳದಿರುವುದಕ್ಕೂ ಅದು ಖನಿಜವಾಗಿರುವುದೇ ಕಾರಣ. ಇದ್ದಿಲಾದರೆ ಅದರಲ್ಲಿ ಒಮ್ಮೆ ಬದುಕಿದ್ದ ಮರದ ಇಂಗಾಲ ಇರುತ್ತದೆ, ಅಳೆಯಬಹುದು. ಕೆಮ್ಮಣ್ಣು ಖನಿಜ. ಸುಲಾವೆಸಿಯಲ್ಲಿ ಚಿತ್ರದ ಮೇಲೆ ಸುಣ್ಣದ ಪದರ ಬೆಳೆದಿತ್ತು. ಅದರೊಳಗಿನ ಯುರೇನಿಯಂ ಎಷ್ಟು ಥೋರಿಯಂ ಆಗಿದೆ ಎಂದು ಅಳೆದು ಕಾಲ ತಿಳಿದರು. ಅದು ಸುಣ್ಣಕಲ್ಲಿನ ಗುಹೆಯ ಭಾಗ್ಯ. ಬಾದಾಮಿಯ ಮರಳುಗಲ್ಲು ಮಳೆಗಾಳಿಗೆ ಕಣ ಕಣವಾಗಿ ಉದುರುತ್ತದೆ, ಉದುರುವಾಗ ತನ್ನ ಮೇಲಿನ ಕೆಂಪನ್ನೂ ಕರೆದುಕೊಂಡು ಹೋಗುತ್ತದೆ.

ಹೀಗೆ ಉದುರಿಹೋದದ್ದು ಎಷ್ಟು? ಮಲಪ್ರಭೆಯ ದಂಡೆಯಲ್ಲಿ ಕೈಕೊಡಲಿಗಳು ಸಿಗುತ್ತವೆ. ಖ್ಯಾಡ, ಲಖ್ಮಾಪುರ ಮೊದಲಾದ ಕಡೆ. ಆರ್.ವಿ. ಜೋಶಿ ಅವರು 1955ರಲ್ಲೇ ಈ ಕೊಳ್ಳದ ಬಗ್ಗೆ ಪುಸ್ತಕ ಬರೆದರು. ಇಂಥ ಕೊಡಲಿಗಳ ಕಾಲ ಲಕ್ಷಗಟ್ಟಲೆ ವರ್ಷ ಹಿಂದಕ್ಕೆ ಹೋಗುತ್ತದೆ. ಸುರಪುರ ಸೀಮೆಯ ಇಸಾಂಪುರಕ್ಕೆ ಸುಮಾರು 12 ಲಕ್ಷ ವರ್ಷ ಎಂದು ಅಂದಾಜು. ಎರಡೂ ಮಗ್ಗುಲು ಸಮ ಬರುವಂತೆ ಕಲ್ಲು ಕೆತ್ತುವ ಕೈ ಅದು. ಬಳಸಲು ಬೇಕಾದ್ದಕ್ಕಿಂತ ಹೆಚ್ಚು ಚೆಂದ ಮಾಡಿದ ಕೊಡಲಿಗಳೂ ಇವೆ. ಆ ಕೈ ಚಿತ್ರ ಬರೆಯಲಿಲ್ಲವೇ, ಬರೆದದ್ದು ಉಳಿಯಲಿಲ್ಲವೇ? ದಕ್ಷಿಣ ಆಫ್ರಿಕಾದ ಬ್ಲೊಂಬೊಸ್ ಗುಹೆಯಲ್ಲಿ ಕೆಮ್ಮಣ್ಣಿನ ತುಂಡಿನ ಮೇಲೆ ಅಡ್ಡಡ್ಡ ಗೀರಿದ ವಿನ್ಯಾಸಕ್ಕೆ ಎಪ್ಪತ್ತು ಸಾವಿರ ವರ್ಷ ಮೀರಿದೆ. ಕಲ್ಲಿಗೆ ಏರುವ ಮೊದಲು ಬಣ್ಣ ಮೈಮೇಲೆ ಇದ್ದಿರಬಹುದು. ಮೈ ಉಳಿಯುವುದಿಲ್ಲ.

ಬೆಳಕಿನಲ್ಲಿ ಬರೆದವರು

ಯುರೋಪಿನ ಎಷ್ಟೋ ಚಿತ್ರಗಳು ಹೊರಗಿನ ಬೆಳಕು ಮುಟ್ಟದ ಆಳದಲ್ಲಿವೆ. ಲಾಸ್ಕೋದಲ್ಲಿ ಕಲ್ಲಿನ ದೀಪವೇ ಸಿಕ್ಕಿದೆ, ಪ್ರಾಣಿಯ ಕೊಬ್ಬು ಹಾಕಿ ಉರಿಸುವಂಥದ್ದು. ಆ ಕತ್ತಲೆಯನ್ನು ಇಟ್ಟುಕೊಂಡೇ ದೊಡ್ಡ ವಿವರಣೆಗಳು ಹುಟ್ಟಿವೆ: ಮಂತ್ರವಾದಿ ಮೈಮರೆತು ಕಂಡ ದರ್ಶನಗಳು ಇವು, ಗುಹೆ ಎಂದರೆ ಆಚೆಯ ಲೋಕದ ಬಾಗಿಲು ಎಂದೆಲ್ಲ.

ಸಿಡ್ಲಫಡಿಯಲ್ಲಿ ನಿಂತಾಗ ಆ ಮಾತು ನನಗೆ ಒಗ್ಗಲಿಲ್ಲ. ಮಾಡಿನ ತೂತಿನಿಂದ ಬಿಸಿಲು ಒಳಗೆ ಸುರಿಯುತ್ತದೆ. ಕಪ್ಪಗಲ್ಲಿನಲ್ಲಂತೂ ಮಾಡೇ ಇಲ್ಲ, ಆಕಾಶದ ಕೆಳಗಿನ ಬಂಡೆ. ಗುಡ್ಡದ ತುದಿಗೆ ಗಾಳಿ ಜೋರು, ಕೆಳಗೆ ಬಯಲು. ದನ ಎಲ್ಲಿ ಮೇಯುತ್ತಿವೆ ಎಂದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ನಮ್ಮವರು ಬೆಳಕಿನಲ್ಲಿ ಬರೆದರು, ಬೇರೆಯವರು ನೋಡುವಂತೆ ಬರೆದರು. ದೂರದ ಕತ್ತಲೆಗೆಂದು ಕಟ್ಟಿದ ಸಿದ್ಧಾಂತವನ್ನು ಇಲ್ಲಿಗೆ ತಂದು ಹಾಸುವ ಮೊದಲು ಇಲ್ಲಿನ ಬಿಸಿಲಿಗೆ ಉತ್ತರ ಹುಡುಕಬೇಕು.

ಬೂದಿ

ಚಿತ್ರಗಳಿಗಿಂತ ಹೆಚ್ಚು ನನ್ನನ್ನು ಕಾಡುವುದು ಆ ದನ ಸಾಕಿದವರು ಬಿಟ್ಟುಹೋದ ಬೂದಿ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ದೊಡ್ಡ ದೊಡ್ಡ ಬೂದಿದಿಬ್ಬಗಳಿವೆ. ಹಂಪಿ ಪಕ್ಕದ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿ ಎಂದು ಜನ ನಂಬುತ್ತಾರೆ. ಈ ದಿಬ್ಬಗಳಲ್ಲಿರುವುದು ದನದ ಸಗಣಿಯ ಬೂದಿ ಎಂದು ಫೂಟ್ ವಾದಿಸಿದ್ದರು. 1957ರಲ್ಲಿ ಎಫ್.ಆರ್. ಆಲ್ಚಿನ್ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಅಗೆದು ಅದನ್ನು ಖಚಿತಪಡಿಸಿದರು. ಅಲ್ಲಿ ದೊಡ್ಡಿಯ ಸುತ್ತ ನೆಟ್ಟ ಗೂಟಗಳ ಕುಳಿ ಸಿಕ್ಕವು, ಬೂದಿಯಲ್ಲಿ ದನದ ಗೊರಸಿನ ಅಚ್ಚುಗಳೂ ಸಿಕ್ಕವು. ಕೆಲವು ದಿಬ್ಬಗಳಲ್ಲಿ ಸಗಣಿ ಗಾಜಿನಂತೆ ಕರಗಿ ಗಟ್ಟಿಯಾಗಿದೆ, ಅಷ್ಟು ಬೆಂಕಿ.

ನಮ್ಮ ಹಳ್ಳಿಯಲ್ಲಿ ಸಗಣಿ ಎಂದರೆ ಕುಳ್ಳು, ಗೊಬ್ಬರ, ಮನೆಯ ನೆಲ ಸಾರಿಸುವ ವಸ್ತು. ಅದನ್ನು ಯಾರೂ ಸುಮ್ಮನೆ ಗುಡ್ಡೆ ಹಾಕಿ ಸುಡುವುದಿಲ್ಲ. ಹುರಳಿ ಬೆಳೆಯುವವರಿಗೆ ಗೊಬ್ಬರದ ಬೆಲೆ ತಿಳಿದಿರಲಿಲ್ಲವೇ? ತಿಳಿದೂ ಸುಟ್ಟರೆ ಆ ಬೆಂಕಿ ಅಡುಗೆಯದಲ್ಲ, ಹೊಲದ್ದಲ್ಲ. ದನದ ರೋಗ ಹೋಗಲೆಂದು, ಹಂಗಾಮು ಬದಲಾಯಿತೆಂದು ಹಚ್ಚಿದ ಬೆಂಕಿಯೇ? ಹಬ್ಬಗಳಲ್ಲಿ ದನವನ್ನು ಕಿಚ್ಚು ಹಾಯಿಸುವಂಥ ಆಚರಣೆಗಳಲ್ಲಿ ಇದರ ನೆನಪು ಉಳಿದಿರಬಹುದು ಎಂಬುದು ಆಲ್ಚಿನ್ ಅವರ ಊಹೆ. ಆಕರ್ಷಕ ಊಹೆ, ಆದರೆ ನಾಲ್ಕು ಸಾವಿರ ವರ್ಷವನ್ನು ಒಂದೇ ಜಿಗಿತಕ್ಕೆ ದಾಟಲು ನನ್ನ ಕಾಲು ಹಿಂಜರಿಯುತ್ತದೆ.

ಆದರೂ ಮಣ್ಣೆತ್ತಿನ ಅಮಾವಾಸ್ಯೆಗೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಕುಂಬಾರರು ಜೋಡಿ ಜೋಡಿ ಹಸಿ ಮಣ್ಣಿನ ಎತ್ತು ಮಾರಲು ಕೂತಾಗ ನಾನು ನಿಂತುಬಿಡುತ್ತೇನೆ. ಬೆರಳಿನಿಂದ ಒಂದೇ ಸಲ ಮಣ್ಣನ್ನು ಮೇಲೆಳೆದರೆ ಡುಬ್ಬ, ಚಿವುಟಿದರೆ ಕೋಡು. ರಾಯಚೂರು ಜಿಲ್ಲೆಯ ಪಿಕ್ಲಿಹಾಳದಲ್ಲಿ ಸಿಕ್ಕ ಮಣ್ಣಿನ ಎತ್ತುಗಳಲ್ಲೂ ಡುಬ್ಬವೇ ಮುಖ್ಯ. ಪಿಕ್ಲಿಹಾಳದ ಬಂಡೆಗಳ ಮೇಲೂ ದನಗಳ ಚಿತ್ರಗಳಿವೆ.

ಯಾರ ಕೈ

ನಿಕೋಲ್ ಬೋಯ್ವಿನ್ ಅವರು ಕಪ್ಪಗಲ್ಲಿನ ಬಗ್ಗೆ 2004ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲವು ಚಿತ್ರಗಳು ಜೋತುಬಿದ್ದು ಕುಟ್ಟಬೇಕಾದಂಥ ಕಷ್ಟದ ಜಾಗದಲ್ಲಿವೆ ಎಂದು ಗಮನಿಸಿದ್ದಾರೆ. ಗಂಡಸರು ಬರೆದಿರಬಹುದು ಎಂಬ ಕಡೆಗೆ ಅವರ ಒಲವು. ಇರಬಹುದು. ಸಿಡ್ಲಫಡಿಯ ದಾರಿಯಲ್ಲಿ ಕಟ್ಟಿಗೆ ಹೊರೆ ಹೊತ್ತ ಹೆಂಗಸರು ಬರಿಗಾಲಲ್ಲಿ, ಹೊರೆಗೆ ಕೈ ಕೊಡದೆ ಬಂಡೆ ಇಳಿಯುತ್ತಿದ್ದುದನ್ನು ನೋಡಿದ ಮೇಲೆ ಆ ವಾದ ನನಗೆ ಸಾಲದು ಅನ್ನಿಸಿತು. ಫ್ರಾನ್ಸ್, ಸ್ಪೇನಿನ ಗುಹೆಗಳ ಅಂಗೈ ಗುರುತುಗಳ ಬೆರಳು ಅಳೆದ ಡೀನ್ ಸ್ನೋ, ಅವುಗಳಲ್ಲಿ ಮುಕ್ಕಾಲು ಪಾಲು ಹೆಂಗಸರವು ಎಂದು 2013ರಲ್ಲಿ ಹೇಳಿದರು. ಆ ಅಳತೆಯ ಬಗ್ಗೆ ತಕರಾರು ಇದೆ. ಆದರೆ ಅಲ್ಲಿಯವರೆಗೆ ಹೆಚ್ಚಿನವರು ಪ್ರಶ್ನೆ ಕೇಳದೆ ಗಂಡಸರು ಎಂದೇ ಬರೆಯುತ್ತ ಬಂದಿದ್ದರಲ್ಲ, ಅದು ಯೋಚಿಸಬೇಕಾದ ವಿಷಯ.

ನಮ್ಮ ಅಂಗಳದ ರಂಗೋಲಿ ಮರುದಿನಕ್ಕೆ ಇರುವುದಿಲ್ಲ. ದೀಪಾವಳಿಗೆ ಹೆಂಗಸರು ಸಗಣಿಯಲ್ಲಿ ಮಾಡುವ ಹಟ್ಟೆವ್ವ, ಪಾಂಡವರು ನಾಲ್ಕು ದಿನದಲ್ಲಿ ಒಣಗಿ ಮಣ್ಣಿಗೆ ಸೇರುತ್ತಾರೆ. ಐದು ಸಾವಿರ ವರ್ಷದ ನಂತರ ಯಾರಾದರೂ ಧಾರವಾಡ ಜಿಲ್ಲೆಯನ್ನು ಅಗೆದರೆ ಅವರಿಗೆ ವೀರಗಲ್ಲು ಸಿಗುತ್ತದೆ, ರಂಗೋಲಿ ಸಿಗುವುದಿಲ್ಲ. ಇಲ್ಲಿನ ಹೆಂಗಸರು ಚಿತ್ರವನ್ನೇ ಬರೆಯಲಿಲ್ಲ ಎಂದು ಅವರು ತೀರ್ಮಾನಿಸಬಹುದು. ಕಪ್ಪಗಲ್ಲಿನ ನೆಲದ ಮೇಲೆ ಆಗ ಏನೇನಿತ್ತೋ! ತೆನೆ, ಬಳ್ಳಿ, ಮನೆ, ಮಗು ಎಲ್ಲವೂ ಅಲ್ಲಿದ್ದಿರಬಹುದು. ಬಂಡೆಯ ಮೇಲೆ ಇಲ್ಲದ್ದನ್ನು ಅವರ ಮನಸ್ಸಿನಲ್ಲೂ ಇರಲಿಲ್ಲ ಎನ್ನುವ ಧೈರ್ಯ ನನಗಿಲ್ಲ.

ವೀರಗಲ್ಲಿನ ಮಾತು ಬಂತು. ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋದಾಗ ತುರುಗೋಳಿನ ಕಲ್ಲುಗಳ ಕೆಳಪಟ್ಟಿಯಲ್ಲಿ ಸಾಲಾಗಿ ನಿಂತ ದನಗಳನ್ನು ನೋಡಬೇಕು. ಅಲ್ಲಿ ದನಕ್ಕೆ ಕಥೆ ಇದೆ: ಕದ್ದರು, ಬಿಡಿಸಲು ಹೋದ, ಸತ್ತ, ಸ್ವರ್ಗಕ್ಕೆ ಹೋದ. ಹೆಸರಿದೆ, ರಾಜನ ಆಳ್ವಿಕೆಯ ವರ್ಷ ಇದೆ. ಕಪ್ಪಗಲ್ಲಿನಲ್ಲಿ ಕಥೆ ಕಾಣುವುದಿಲ್ಲ. ದನ ಸುಮ್ಮನೆ ನಿಂತಿದೆ, ಪಕ್ಕದಲ್ಲಿ ಇನ್ನೊಂದು.

ಕುಟ್ಟಿದ ಸದ್ದು

ಕಪ್ಪಗಲ್ಲಿನ ಕೆಲವು ಕರಿಬಂಡೆಗಳನ್ನು ಗ್ರಾನೈಟಿನ ಕಲ್ಲಿನಿಂದ ಬಡಿದರೆ ಜಾಗಟೆಯಂಥ ನಾದ ಬರುತ್ತದೆ. ಬಡಿದು ಬಡಿದು ತಗ್ಗು ಬಿದ್ದ ಜಾಗಗಳೂ ಇವೆ. ಹಿರೇಬೆಣಕಲ್ಲಿನಲ್ಲೂ ನಗಾರಿಯ ಆಕಾರದ ದೊಡ್ಡ ಗುಂಡೊಂದಿದೆ. ಬಡಿದರೆ ಬಹಳ ದೂರ ಕೇಳುತ್ತದೆ ಎನ್ನುತ್ತಾರೆ. ಅಂದಮೇಲೆ ಕಪ್ಪಗಲ್ಲಿನಲ್ಲಿ ದನ ಬರೆಯುವುದೆಂದರೆ ಸದ್ದು ಮಾಡುವುದೂ ಹೌದು. ಕಲ್ಲಿಗೆ ಕಲ್ಲು ಬೀಳುತ್ತಿದ್ದಂತೆ ಗುಡ್ಡದ ಕೆಳಗಿನವರಿಗೆ ಕೇಳುತ್ತಿತ್ತು. ನಾವು ಚಿತ್ರ ಎಂದು ನೋಡುತ್ತಿರುವುದು ಒಂದು ಕುಣಿತದ, ಹಾಡಿನ, ಬಡಿತದ ಕೊನೆಗೆ ಉಳಿದ ಗುರುತು ಮಾತ್ರವೇ? ಬರೆಯುವಾಗಿನ ಹೊತ್ತೇ ಮುಖ್ಯವಾಗಿ, ಬರೆದು ಮುಗಿದದ್ದು ಅವರಿಗೆ ಅಷ್ಟು ಮುಖ್ಯ ಆಗಿರಲಿಲ್ಲವೇ?

ಒಡೆಯುವ ಕಲ್ಲು

ಕಪ್ಪಗಲ್ಲಿನ ಹಿರೇಗುಡ್ಡದ ಸುತ್ತ ಗ್ರಾನೈಟ್ ಗಣಿಗಾರಿಕೆಯಿಂದ ಚಿತ್ರಗಳಿಗೆ ಅಪಾಯ ಇದೆ ಎಂದು 2004ರ ಅದೇ ಲೇಖನ ಎಚ್ಚರಿಸಿತ್ತು. ಆಮೇಲೆ ಬಳ್ಳಾರಿಯಲ್ಲಿ ಫೂಟ್ ಹೆಸರಿನಲ್ಲಿ ಸಂಗನಕಲ್ಲಿನ ವಸ್ತುಸಂಗ್ರಹಾಲಯ ಬಂದಿದೆ. 2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು. ಒಳ್ಳೆಯದು. ಸಿಡ್ಲಫಡಿಯಂಥ ಜಾಗಗಳಲ್ಲಿ ಬೇಕಾದದ್ದು ದೊಡ್ಡ ಕಟ್ಟಡವಲ್ಲ. ಬಂಡೆಯ ಮೇಲೆ ಹೆಸರು ಗೀಚದಂತೆ ನೋಡಿಕೊಳ್ಳುವ ಒಬ್ಬ ಕಾವಲುಗಾರ ಬೇಕು, ಎಲ್ಲ ಚಿತ್ರಗಳ ಒಳ್ಳೆಯ ಫೋಟೋ ದಾಖಲೆ ಬೇಕು, ಬೇಗ ಬೇಕು. ಮರಳುಗಲ್ಲು ಕಾಯುವುದಿಲ್ಲ.

ಅಮರಗೋಳದ ದನದ ಸಂತೆ

ಕಪ್ಪಗಲ್ಲಿನ ಒಂದು ಫೋಟೋ ಹಿಡಿದುಕೊಂಡು ಎಪಿಎಂಸಿಯ ದನದ ಸಂತೆಗೆ ಹೋದೆ. ಟವಲಿನ ಕೆಳಗೆ ಬೆರಳು ಹಿಡಿದು ರೇಟು ಮಾತಾಡುವ ದಲ್ಲಾಳಿಗಳು, ಬಾಯಿ ಬಿಡಿಸಿ ಹಲ್ಲು ಎಣಿಸುವ ರೈತರು. ನವಲಗುಂದ ಕಡೆಯ ಒಬ್ಬ ಹಿರಿಯರು ಖಿಲಾರಿ ಜೋಡಿ ಹಿಡಿದು ನಿಂತಿದ್ದರು. ‘ಯಜ್ಜಾ, ಇದು ಏನ್ ಐತಿ ನೋಡ್ರಿ’ ಎಂದೆ.

ಅವರು ಫೋಟೋವನ್ನು ದೂರ ಹಿಡಿದು, ಹತ್ತಿರ ತಂದು ನೋಡಿದರು. ‘ಹೋರಿ ಐತಿ. ಎತ್ತಲ್ಲ. ಬೀಜಾ ಒಡಿಸಿಲ್ಲ ಇದಕ್ಕ. ಡುಬ್ಬ ನೋಡ್ರಿ, ಹೆಂಗ ಎದ್ದೈತಿ.’

‘ಇದನ್ನ ನಾಕ್ ಸಾವಿರ ವರ್ಷದ ಹಿಂದ ಕಲ್ಲಿನ ಮ್ಯಾಲೆ ಬರದಾರ್ರೀ.’

‘ಯಾರದು ಹೋರಿ?’

ಆ ಪ್ರಶ್ನೆಯನ್ನು ಯಾವ ಪುಸ್ತಕದಲ್ಲೂ ನಾನು ಓದಿರಲಿಲ್ಲ. ಯಾಕೆ ಹಾಗೆ ಕೇಳಿದಿರಿ ಎಂದೆ. ‘ನಾ ಬರದ್ರ ನಮ್ಮ ಮನಿ ಹೋರಿ ಬರೀತೀನಿ. ಮಂದಿ ಹೋರಿ ಯಾಕ ಬರೀಲಿ?’

ನಾವು ಇದನ್ನು ದನದ ಚಿತ್ರ, ನವಶಿಲಾಯುಗದ ಪಶುಪಾಲನೆಯ ಸಂಕೇತ ಎಂದು ಓದುತ್ತೇವೆ. ಅಜ್ಜ ಒಂದು ಹೋರಿಯನ್ನು ಕಂಡರು, ಅದಕ್ಕೆ ಒಡೆಯರಿರಬೇಕು ಎಂದುಕೊಂಡರು. ಹಾಗಿದ್ದರೆ ಆ ಬಂಡೆಗಳ ಮೇಲಿರುವುದು ಒಂದೊಂದೂ ಹೆಸರಿದ್ದ ಪ್ರಾಣಿ ಇರಬಹುದು. ಒಂದರ ಕೋಡು ಒಳಕ್ಕೆ ಬಾಗಿರುವುದು, ಇನ್ನೊಂದರದು ನೆಟ್ಟಗಿರುವುದು ಕೈ ತಪ್ಪಿ ಆದದ್ದಲ್ಲದೆ ನಿಜವಾಗಿ ಇದ್ದ ವ್ಯತ್ಯಾಸವೇ ಇರಬಹುದು. ಇದನ್ನು ಪರೀಕ್ಷಿಸಬಹುದು. ಎಲ್ಲ ಚಿತ್ರಗಳನ್ನೂ ದನ ಸಾಕುವವರ ಮುಂದೆ ಹರವಿ ಓದಿಸಬೇಕು, ವಯಸ್ಸು, ತಳಿ, ಗಂಡು ಹೆಣ್ಣು ಎಲ್ಲ ಬರೆದುಕೊಳ್ಳಬೇಕು. ಅವರಿಗೆ ಕಾಣುವುದು ನಮ್ಮ ಕಣ್ಣಿಗೆ ಬಿದ್ದಿಲ್ಲ.

ಫೋಟೋ ವಾಪಸು ಕೊಡುವ ಮೊದಲು ಅಜ್ಜ ಇನ್ನೊಮ್ಮೆ ಹುಡುಕಿದರು. ‘ಆಕಳ ಎಲ್ಲಿ ಐತ್ರೀ ಇದರಾಗ? ಕರಾನೂ ಇಲ್ಲ’ ಎಂದರು. ಆ ಫೋಟೋದಲ್ಲಿ ಇರಲಿಲ್ಲ. ಉಳಿದ ಬಂಡೆಗಳ ಮೇಲೆ ಹುಡುಕಬೇಕು. ಅಲ್ಲೂ ಇಲ್ಲವೆಂದಾದರೆ, ಹೋರಿಯನ್ನು ಹೆತ್ತ ಆಕಳನ್ನು ಅವರು ಎಲ್ಲಿ ಬರೆದರು, ಬರೆದವರು ಯಾರು ಎಂದು ಬೇರೆ ಕಡೆ ಕೇಳಬೇಕಾಗುತ್ತದೆ.